ಡೋರ್ ಪ್ಯಾಡ್ ಮೇಲಿನ ಗೀರು ಬೆಳ್ಳಗೆ ಕಾಣುವುದೇಕೆ? ಮನೆಯಲ್ಲೇ ಸರಿಮಾಡಬಹುದೇ?

ಪ್ರಶ್ನೆ: ನನ್ನ ಕಾರಿಗೆ ಮೂರು ವರ್ಷ. ಹೋದ ತಿಂಗಳು ಮನೆ ಬದಲಾಯಿಸುವಾಗ ಒಂದು ಕಬ್ಬಿಣದ ಸ್ಟ್ಯಾಂಡನ್ನು ಹಿಂದಿನ ಸೀಟಿನಲ್ಲಿ ಹಾಕಿಕೊಂಡು ಹೋದೆ. ಹಿಂದಿನ ಬಾಗಿಲಿನ ಒಳಬದಿಯ ಕಪ್ಪು ಪ್ಲಾಸ್ಟಿಕ್ (ಡೋರ್ ಪ್ಯಾಡ್) ಮೇಲೆ ನಾಲ್ಕೈದು ಬಿಳಿ ಗೀರು ಬಿದ್ದಿವೆ. ಡಿಕ್ಕಿಯ ಒಳಗೂ ಒಂದೆರಡು. ಗೇರ್ ಸುತ್ತಲಿನ ಹೊಳೆಯುವ ಕಪ್ಪು ಭಾಗದಲ್ಲಂತೂ ಮುಂಚಿನಿಂದಲೂ ಕೂದಲಿನಂಥ ಗೆರೆಗಳು ತುಂಬಿವೆ. ಯಾರೋ ಹೇಳಿದರು ಅಂತ ಬಾಗಿಲಿನ ಒಂದು ಗೀರಿಗೆ ಟೂತ್‌ಪೇಸ್ಟ್ ಹಾಕಿ ಉಜ್ಜಿದೆ. ಗೀರು ಹೋಗಲಿಲ್ಲ, ಸುತ್ತ ಒಂದು ಮಂಕು ಕಲೆ ಆಯಿತು. ಈಗ ಬಿಸಿಗಾಳಿ ಊದುವ ಹೀಟ್ ಗನ್ ತರೋಣ ಅಂತಿದ್ದೇನೆ. ತರಲೇ?

ಉತ್ತರ: ಸದ್ಯಕ್ಕೆ ತರಬೇಡಿ. ಮೊದಲು ಒಂದು ಬಟ್ಟೆಯನ್ನು ನೀರಲ್ಲಿ ಅದ್ದಿ, ಹಿಂಡಿ, ಆ ಗೀರಿನ ಮೇಲೆ ಒಂದು ಸಲ ಎಳೆಯಿರಿ. ಒದ್ದೆ ಇರುವಷ್ಟು ಹೊತ್ತು ಗೀರು ಕಾಣುತ್ತದೋ ಇಲ್ಲವೋ ನೋಡಿ. ಮುಂದೆ ನಾನು ಹೇಳುವುದರಲ್ಲಿ ಅರ್ಧ ಭಾಗ ಈ ಒಂದು ಪರೀಕ್ಷೆಯ ಮೇಲೆ ನಿಂತಿದೆ.

ಬೆಳ್ಳಗೆ ಕಂಡ ಕೂಡಲೇ ಎಲ್ಲರೂ ಬಣ್ಣ ಕಿತ್ತುಹೋಯಿತು ಅಂದುಕೊಳ್ಳುತ್ತಾರೆ. ಹಾಗಾಗಿರುವುದಿಲ್ಲ. ಬಾಗಿಲಿನ ಕೆಳಭಾಗ, ಡಿಕ್ಕಿಯ ಪಕ್ಕ, ಸೀಟಿನ ಬದಿ, ಇಂಥ ಕಡೆ ಇರುವ ತರಿತರಿ ಪ್ಲಾಸ್ಟಿಕ್‌ಗೆ ಹೆಚ್ಚಿನ ಕಾರುಗಳಲ್ಲಿ ಮೇಲಿನಿಂದ ಬಣ್ಣ ಬಳಿದಿರುವುದಿಲ್ಲ. ಕರಗಿದ ಪ್ಲಾಸ್ಟಿಕ್‌ಗೇ ಕಪ್ಪು ಬೆರೆಸಿ ಅಚ್ಚಿಗೆ ಹಾಕುತ್ತಾರೆ. ಕತ್ತರಿಸಿ ನೋಡಿದರೂ ಒಳಗೆ ಕಪ್ಪೇ. ಹಾಗಾದರೆ ಬಿಳಿ ಎಲ್ಲಿಂದ ಬಂತು?

ಮನೆಯಲ್ಲಿ ಕೆಲಸಕ್ಕೆ ಬಾರದ ಕಪ್ಪು ಪ್ಲಾಸ್ಟಿಕ್ ಮುಚ್ಚಳ ಇದ್ದರೆ ಒಂದನ್ನು ಬಗ್ಗಿಸಿ. ಮಡಿಕೆ ಬಿದ್ದ ಜಾಗ ಬಿಳಿಚಿಕೊಳ್ಳುತ್ತದೆ, ಅಲ್ವಾ? ಅಲ್ಲಿ ಬಣ್ಣ ಎಲ್ಲಿಗೂ ಹೋಗಿಲ್ಲ. ಎಳೆತಕ್ಕೆ ಸಿಕ್ಕ ಪ್ಲಾಸ್ಟಿಕ್ ಒಳಗೆ ಕಣ್ಣಿಗೆ ಕಾಣದಷ್ಟು ಸಣ್ಣ ಬಿರುಕು, ತೂತುಗಳು ಆಗಿವೆ. ಬೆಳಕು ಅವುಗಳಿಗೆ ಬಡಿದು ನಾಲ್ಕು ದಿಕ್ಕಿಗೆ ಚೆದುರುತ್ತದೆ, ನಮಗೆ ಬೆಳ್ಳಗೆ ಕಾಣುತ್ತದೆ. ಸ್ಟ್ಯಾಂಡಿನ ಮೂಲೆ ನಿಮ್ಮ ಡೋರ್ ಪ್ಯಾಡ್ ಮೇಲೆ ಎಳೆದಾಗ ಆದದ್ದೂ ಇದೇ. ಜೊತೆಗೆ ಇನ್ನೊಂದು ವಿಷಯ ಇದೆ. ಈ ಪ್ಲಾಸ್ಟಿಕ್ ಗಟ್ಟಿಯಾಗಿರಲಿ ಅಂತ ಅದಕ್ಕೆ ಟಾಲ್ಕ್ ಪುಡಿ ಬೆರೆಸಿರುತ್ತಾರೆ. ಹೌದು, ಪೌಡರ್ ಡಬ್ಬಿಯಲ್ಲಿ ಇರುವ ಅದೇ ಟಾಲ್ಕ್. ಗೀರಿದ ಜಾಗದಲ್ಲಿ ಆ ಬಿಳಿ ಪುಡಿ ಬಯಲಾಗುತ್ತದೆ. ಟಾಲ್ಕ್ ಜಾಸ್ತಿ ಇರುವ ಪ್ಲಾಸ್ಟಿಕ್‌ನಲ್ಲಿ ಉಗುರು ತಾಗಿದರೂ ಗೆರೆ ಬೀಳುವುದು ಇದಕ್ಕೇ.

ಹಾಗಾಗಿ ನಿಮ್ಮ ಕೆಲಸ ಬಣ್ಣ ತುಂಬುವುದಲ್ಲ, ಅಲ್ಲಿ ಬೆಳಕು ಚೆದುರದ ಹಾಗೆ ಮಾಡುವುದು. ಒದ್ದೆ ಬಟ್ಟೆ ಎಳೆದಾಗ ಗೀರು ಮಾಯವಾಗಿ, ಒಣಗಿದ ಮೇಲೆ ಮತ್ತೆ ಬಂದರೆ ಗಾಯ ಮೇಲ್ಮೈಯಲ್ಲೇ ಇದೆ ಅಂತ ಅರ್ಥ. ನೀರು ಆ ಸಣ್ಣ ತಗ್ಗುಗಳನ್ನು ತುಂಬಿತು, ಬೆಳಕು ಚೆದುರಲಿಲ್ಲ. ಇಂಥದ್ದಕ್ಕೆ ಡ್ರೆಸ್ಸಿಂಗ್, ಅಂದರೆ ಪ್ಲಾಸ್ಟಿಕ್‌ಗೆ ಹಚ್ಚಿ ಒರೆಸುವ ದ್ರವ, ಸಾಕಾಗಬಹುದು. ಒದ್ದೆಯಾಗಿದ್ದಾಗಲೂ ಬೆಳ್ಳಗೇ ಇದ್ದರೆ ಒಳಗೆ ಬಿಳಿಚಿದೆ, ಸ್ವಲ್ಪ ಬಿಸಿ ಬೇಕು. ಉಗುರನ್ನು ಅಡ್ಡಡ್ಡ ಎಳೆದಾಗ ಸಿಕ್ಕಿಹಾಕಿಕೊಳ್ಳುವಷ್ಟು ಆಳ ಇದ್ದರೆ ಅದು ಪೂರ್ತಿ ಹೋಗುವುದಿಲ್ಲ. ಕಣ್ಣಿಗೆ ಬೀಳದಷ್ಟು ಮಾಡಬಹುದು, ಅಷ್ಟೇ.

ಇಷ್ಟರ ಮೊದಲು ಅದು ಗೀರೇ ಹೌದಾ ಅಂತ ನೋಡಬೇಕು. ಇದನ್ನು ತಮಾಷೆಗೆ ಹೇಳುತ್ತಿಲ್ಲ. ನನ್ನ ಹತ್ತಿರ ಬರುವ "ಗೀರು"ಗಳಲ್ಲಿ ಎಷ್ಟೋ ಗೀರೇ ಆಗಿರುವುದಿಲ್ಲ. ಚಪ್ಪಲಿಯ ರಬ್ಬರ್, ಸೂಟ್‌ಕೇಸಿನ ಬಣ್ಣ, ಕಬ್ಬಿಣದ ಮೇಲಿನ ಪೇಂಟ್ ಉಜ್ಜಿಕೊಂಡು ಪ್ಲಾಸ್ಟಿಕ್‌ಗೆ ಮೆತ್ತಿಕೊಂಡಿರುತ್ತದೆ. ನಿಮ್ಮದು ಕಬ್ಬಿಣದ ಸ್ಟ್ಯಾಂಡ್ ಅಂತೀರಿ. ಅದಕ್ಕೆ ಬಿಳಿ ಅಥವಾ ಬೂದು ಪೇಂಟ್ ಇತ್ತಾ? ಇದ್ದರೆ ನಾಲ್ಕೈದು ಗೀರಲ್ಲಿ ಒಂದೆರಡಾದರೂ ಬರೀ ಪೇಂಟ್ ಇರಬಹುದು. ಒಳಾಂಗಣಕ್ಕೆ ಅಂತಲೇ ಸಿಗುವ ಕ್ಲೀನರ್ ತಗೊಂಡು, ಅಥವಾ ಒಂದು ಪಾಲು ಆಲ್ ಪರ್ಪಸ್ ಕ್ಲೀನರ್‌ಗೆ ಹತ್ತು ಪಾಲು ನೀರು ಬೆರೆಸಿ, ಬಟ್ಟೆಗೆ ಸಿಂಪಡಿಸಿ. ನೇರವಾಗಿ ಬಾಗಿಲಿಗೆ ಬೇಡ, ಕಿಟಕಿಯ ಸ್ವಿಚ್ ಒಳಗೆ ಇಳಿಯುತ್ತದೆ. ಮೆತ್ತನೆ ಬ್ರಷ್‌ನಿಂದ ತರಿಯ ಒಳಗಿನ ಕೊಳೆ ಎಬ್ಬಿಸಿ, ಮೈಕ್ರೋಫೈಬರ್ ಬಟ್ಟೆಯಿಂದ ಒರೆಸಿ. ಹೋಗದ ಕಲೆಗೆ ಐಸೋಪ್ರೊಪೈಲ್ ಆಲ್ಕೋಹಾಲ್ ಸ್ವಲ್ಪ ಬಟ್ಟೆಗೆ ಹಾಕಿ ಒರೆಸಬಹುದು. ಆದರೆ ಕಾಣದ ಮೂಲೆಯಲ್ಲಿ ಮೊದಲು ನೋಡಿ, ಬಟ್ಟೆಗೆ ಕಪ್ಪು ಹತ್ತಿದರೆ ಅದು ಪೇಂಟ್ ಮಾಡಿದ ಭಾಗ, ಅಲ್ಲಿಗೇ ನಿಲ್ಲಿಸಿ. ಥಿನ್ನರ್, ಪೆಟ್ರೋಲ್, ನೇಲ್ ಪಾಲಿಶ್ ರಿಮೂವರ್ ಹತ್ತಿರಕ್ಕೂ ತರಬೇಡಿ. ಎಬಿಎಸ್ ಅನ್ನುವ ಜಾತಿಯ ಪ್ಲಾಸ್ಟಿಕ್ ಮೇಲೆ ಎಷ್ಟೋ ರಿಮೂವರ್‌ಗಳಲ್ಲಿ ಇರುವ ಅಸಿಟೋನ್ ಬಿದ್ದರೆ ಅದು ಕರಗಿಯೇ ಹೋಗುತ್ತದೆ.

ಮ್ಯಾಜಿಕ್ ಸ್ಪಂಜ್ ಅಂತ ಬಿಳಿ ಸ್ಪಂಜ್ ಸಿಗುತ್ತದೆ. ಅದು ಮೆಲಮೈನ್ ಫೋಮ್. ಕೈಗೆ ಮೆತ್ತಗಿದ್ದರೂ ಕೆಲಸದಲ್ಲಿ ಅತಿ ನಯವಾದ ಸ್ಯಾಂಡ್‌ಪೇಪರ್ ಇದ್ದ ಹಾಗೆ. ಕಲೆ ಹೋಗುತ್ತದೆ, ಜೊತೆಗೆ ತರಿಯ ತುದಿಗಳೂ ಸವೆಯುತ್ತವೆ.

ನಿಮ್ಮ ಟೂತ್‌ಪೇಸ್ಟ್ ಕತೆಯೂ ಇದೇ. ಅದರಲ್ಲಿ ಹಲ್ಲು ಉಜ್ಜಲು ಸಿಲಿಕಾ ಅಥವಾ ಸುಣ್ಣದ ಜಾತಿಯ ನಯವಾದ ಪುಡಿ ಇರುತ್ತದೆ. ನುಣುಪಾದ ಗಟ್ಟಿ ಪ್ಲಾಸ್ಟಿಕ್ ಮೇಲೆ ಅದು ಒಂದು ಮಟ್ಟಕ್ಕೆ ಪಾಲಿಶ್ ಥರ ಕೆಲಸ ಮಾಡುತ್ತದೆ. ಹಾಗಾಗಿಯೇ ಈ ಸಲಹೆ ಊರೆಲ್ಲ ಓಡಾಡುತ್ತಿರುವುದು. ತರಿ ಇರುವ ಪ್ಲಾಸ್ಟಿಕ್ ಮೇಲೆ ಮಾತ್ರ ಅದರಿಂದ ಎರಡು ತೊಂದರೆ: ಪುಡಿ ತಗ್ಗುಗಳಲ್ಲಿ ಕೂತು ಒಣಗುತ್ತದೆ, ಉಬ್ಬಿದ ತುದಿಗಳು ಉಜ್ಜಿ ಚಪ್ಪಟೆಯಾಗುತ್ತವೆ. ಮೊದಲನೆಯದಾದರೆ ನಿಮ್ಮ ಅದೃಷ್ಟ. ಉಗುರುಬೆಚ್ಚಗಿನ ನೀರು, ಹಳೇ ಹಲ್ಲುಜ್ಜುವ ಬ್ರಷ್, ಎರಡು ಮೂರು ಸಲ ಮೆಲ್ಲಗೆ ಉಜ್ಜಿ ಒರೆಸಿದರೆ ಮಂಕು ಬಿಡುತ್ತದೆ. ಮಂಕು ಹೋಗಿ ಅಲ್ಲೊಂದು ಸಣ್ಣ ಹೊಳಪು ಉಳಿದರೆ ತರಿ ಸವೆದಿದೆ. ಅದನ್ನು ವಾಪಸ್ ತರಲು ಆಗುವುದಿಲ್ಲ, ಮರೆಮಾಚಬಹುದು. ನೀವು ಒಂದೇ ಗೀರಿಗೆ ಮಾಡಿ ನಿಲ್ಲಿಸಿದ್ದು ಒಳ್ಳೆಯದಾಯಿತು.

ಈಗ ಬಿಸಿಯ ವಿಷಯಕ್ಕೆ ಬರೋಣ. ಬಿಸಿ ಕೆಲಸ ಮಾಡುತ್ತದೆ, ಅದು ಸುಳ್ಳಲ್ಲ. ಮೆತ್ತಗಾದ ಪ್ಲಾಸ್ಟಿಕ್ ತನ್ನ ಎಳೆತ ಬಿಟ್ಟು ಸಡಿಲವಾಗುತ್ತದೆ, ಸಣ್ಣ ತೂತುಗಳು ಮುಚ್ಚಿಕೊಳ್ಳುತ್ತವೆ, ಬಿಳಿ ಮಾಸುತ್ತದೆ. ಕಣ್ಣೆದುರೇ ಗೆರೆ ಕರಗುವುದನ್ನು ನೋಡಿದರೆ ಖುಷಿಯಾಗುತ್ತದೆ. ಆ ಖುಷಿಯೇ ಅಪಾಯ. ನಾನು ಈ ಕೆಲಸ ಕಲಿಯುವಾಗ ನನ್ನದೇ ಕಾರಿನ ಗ್ಲೋವ್ ಬಾಕ್ಸ್ ಮುಚ್ಚಳದ ಮೇಲೆ ಹೀಟ್ ಗನ್ ಹಿಡಿದೆ. ಗೀರು ಮುಕ್ಕಾಲು ಹೋಗಿತ್ತು. ಇನ್ನು ಸ್ವಲ್ಪ, ಇನ್ನು ಸ್ವಲ್ಪ ಅಂತ ಎರಡು ಸೆಕೆಂಡ್ ಜಾಸ್ತಿ ಹಿಡಿದೆ. ತರಿಯೆಲ್ಲ ಕರಗಿ, ನಾಣ್ಯದಷ್ಟು ಅಗಲಕ್ಕೆ ನೆಕ್ಕಿದ ಹಾಗೆ ಮಿರಿಮಿರಿ ಹೊಳೆಯಿತು. ಗೀರು ಇದ್ದಾಗ ಯಾರಿಗೂ ಕಾಣುತ್ತಿರಲಿಲ್ಲ. ಆಮೇಲೆ ಕಾರಿಗೆ ಹತ್ತಿದವರೆಲ್ಲ "ಇದೇನ್ರೀ ಇಲ್ಲಿ?" ಅಂತ ಬೆರಳಿಟ್ಟು ಕೇಳಿದ್ದೇ ಕೇಳಿದ್ದು.

ಲೆಕ್ಕ ಹೀಗಿದೆ. ಡೋರ್ ಪ್ಯಾಡ್‌ಗೆ ಬಳಸುವ ಪಾಲಿಪ್ರೊಪಿಲೀನ್ ಸುಮಾರು 160 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗುತ್ತದೆ. ಗೇರ್ ಸುತ್ತ ಬಳಸುವ ಎಬಿಎಸ್ 100 ಡಿಗ್ರಿ ಆಸುಪಾಸಿನಲ್ಲೇ ಮೆತ್ತಗಾಗುತ್ತದೆ. ಸಾಮಾನ್ಯ ಹೀಟ್ ಗನ್ ಪೂರ್ತಿ ಏರಿಸಿದರೆ 500 ಡಿಗ್ರಿ ದಾಟುತ್ತದೆ. ಅಂದರೆ ನಿಮಗೆ ಬೇಕಾದ ಬಿಸಿಗೂ ಕೈಯಲ್ಲಿರುವ ಬಿಸಿಗೂ ಅಜಗಜಾಂತರ. ಆದ್ದರಿಂದ ಮೊದಲ ಸಲ ಮಾಡುವವರಿಗೆ ನಾನು ಹೇಳುವುದು ತಲೆಕೂದಲಿನ ಹೇರ್ ಡ್ರೈಯರ್. ನಿಧಾನ, ಆದರೆ ತಪ್ಪಿದರೂ ತಡೆದುಕೊಳ್ಳುವಷ್ಟು ಹೊತ್ತು ಸಿಗುತ್ತದೆ.

ಬಿಸಿ ಕೊಡುವ ಮುಂಚೆ ಪ್ಲಾಸ್ಟಿಕ್ ಯಾವುದು ಅಂತ ತಿಳಿದುಕೊಳ್ಳಿ. ಇದಕ್ಕೆ ಊಹೆ ಬೇಡ, ಬೆನ್ನಲ್ಲೇ ಬರೆದಿರುತ್ತದೆ. ಡಿಕ್ಕಿಯ ಪಕ್ಕದ ಪ್ಲಾಸ್ಟಿಕ್‌ನಲ್ಲಿ ಟೈಲ್ ಲ್ಯಾಂಪ್ ಬಲ್ಬ್ ಬದಲಿಸಲು ಅಂತ ಒಂದು ಸಣ್ಣ ಮುಚ್ಚಳ ತುಂಬ ಕಾರುಗಳಲ್ಲಿ ಇರುತ್ತದೆ. ಅದನ್ನು ಕಿತ್ತು ತಿರುಗಿಸಿ. ಬಾಣದ ತಲೆಯಂಥ ಎರಡು ಗುರುತಿನ ನಡುವೆ ಅಕ್ಷರಗಳು ಅಚ್ಚಾಗಿರುತ್ತವೆ. ಪಿಪಿ ಅಂತಿದ್ದರೆ ಪಾಲಿಪ್ರೊಪಿಲೀನ್. ಪಿಪಿ ಟಿಡಿ20 ಅಂತಿದ್ದರೆ ಅದರಲ್ಲಿ ನೂರಕ್ಕೆ 20 ಭಾಗ ಟಾಲ್ಕ್. ಎಬಿಎಸ್, ಅಥವಾ ಪಿಸಿ (ಪಾಲಿಕಾರ್ಬೊನೇಟ್) ಜೊತೆ ಎಬಿಎಸ್ ಅಂತಲೂ ಇರಬಹುದು. ಆ ಮುಚ್ಚಳದಿಂದ ಇನ್ನೊಂದು ಲಾಭ ಇದೆ. ಕೈ ಪಳಗಿಸಿಕೊಳ್ಳಲು ಅದಕ್ಕಿಂತ ಒಳ್ಳೆ ಜಾಗ ಕಾರಲ್ಲಿ ಇನ್ನೊಂದಿಲ್ಲ. ಅದರ ಒಂದು ಮೂಲೆಯಲ್ಲಿ ಕೀಲಿಯಿಂದ ನೀವೇ ಒಂದು ಗೀರು ಎಳೆದು, ಅದನ್ನೇ ಸರಿಮಾಡಿ ನೋಡಿ. ಕೆಟ್ಟರೂ ಯಾರಿಗೂ ಕಾಣುವುದಿಲ್ಲ.

ಮಾಡುವ ಬಗೆ ಹೇಳುತ್ತೇನೆ. ಗೀರಿನ ಅಂಚಲ್ಲಿ ಸಣ್ಣ ಸಿಬಿರು ಎದ್ದಿದ್ದರೆ ಮೊದಲು ನೇಲ್ ಕಟರ್‌ನಿಂದ ಮಟ್ಟವಾಗಿ ಕತ್ತರಿಸಿ. ಕೀಳಬೇಡಿ, ಕಿತ್ತರೆ ಗೀರು ಉದ್ದವಾಗುತ್ತದೆ. ಜಾಗ ಪೂರ್ತಿ ಸ್ವಚ್ಛ ಇರಬೇಕು, ಒಣಗಿರಬೇಕು. ಮೊದಲೇ ಪಾಲಿಶ್, ಡ್ರೆಸ್ಸಿಂಗ್ ಹಚ್ಚಿದ್ದರೆ ತೊಳೆದು ತೆಗೆಯಿರಿ, ಇಲ್ಲದಿದ್ದರೆ ಅದು ಪ್ಲಾಸ್ಟಿಕ್‌ನಲ್ಲಿ ಸುಟ್ಟು ಕೂತುಬಿಡುತ್ತದೆ. ಹೇರ್ ಡ್ರೈಯರನ್ನು ಹತ್ತು ಸೆಂಟಿಮೀಟರ್ ದೂರದಲ್ಲಿ ಹಿಡಿದು, ಗೀರಿನ ಉದ್ದಕ್ಕೆ ಹಿಂದೆ ಮುಂದೆ ಆಡಿಸಿ. ಗೀರಿಗಿಂತ ನಾಲ್ಕು ಬೆರಳು ಅಗಲಕ್ಕೆ ಬಿಸಿ ಹರಡಲಿ. ಗೀರಿಗೆ ಮಾತ್ರ ಬಿಸಿ ಕೊಟ್ಟರೆ ಆ ಗೆರೆ ಮಾತ್ರ ಬೇರೆ ಹೊಳಪಿಗೆ ಬರುತ್ತದೆ. ಅರ್ಧ ನಿಮಿಷ ಆದ ಮೇಲೆ ನಿಲ್ಲಿಸಿ. ತಣ್ಣಗಾಗಲಿ. ಪಕ್ಕದಿಂದ ಟಾರ್ಚ್ ಹಾಕಿ ನೋಡಿ. ಬಿಳಿ ಸ್ವಲ್ಪ ಮಾಸಿದ್ದರೆ ಇನ್ನೊಂದು ಸುತ್ತು. ಬಿಸಿ ಇರುವಾಗ ಬೆರಳಿನಿಂದ ಒತ್ತಬೇಡಿ, ಬಟ್ಟೆಯಿಂದ ಉಜ್ಜಬೇಡಿ. ಆಗ ಅದು ಮೇಣದ ಹಾಗೆ, ಬಟ್ಟೆಯ ನೇಯ್ಗೆಯೂ ಅಚ್ಚಾಗಬಹುದು.

ಮೂರ್ನಾಲ್ಕು ಸುತ್ತಿಗೂ ಏನೂ ಬದಲಾಗದಿದ್ದರೆ ಆಗ ಹೀಟ್ ಗನ್. ಅದೂ ಬಿಸಿ ಹೆಚ್ಚು ಕಡಿಮೆ ಮಾಡುವ ಗುಂಡಿ ಇರುವಂಥದ್ದು. ಅತಿ ಕಡಿಮೆಗೆ ಇಟ್ಟು, ಒಂದು ಗೇಣು ದೂರದಲ್ಲಿ, ಕೈ ಒಂದು ಕ್ಷಣವೂ ನಿಲ್ಲದ ಹಾಗೆ ಆಡಿಸುತ್ತಾ ಐದಾರು ಸೆಕೆಂಡ್ ಮಾತ್ರ. ತರಿಯ ಮೇಲೆ ಕಣ್ಣಿಟ್ಟಿರಿ, ಗೀರಿನ ಮೇಲಲ್ಲ. ತರಿ ಒದ್ದೆಯಾದ ಹಾಗೆ ಮಿನುಗಲು ಶುರುವಾದರೆ ತಡವಾಯಿತು ಅಂತಲೇ ಲೆಕ್ಕ, ಕೂಡಲೇ ತೆಗೆಯಿರಿ. ಮುಕ್ಕಾಲು ಹೋದರೆ ಬಿಟ್ಟುಬಿಡಿ. ಉಳಿದ ಕಾಲು ಭಾಗಕ್ಕೆ ಡ್ರೆಸ್ಸಿಂಗ್ ಇದೆ.

ಎಲ್ಲಿ ಬಿಸಿ ಕೊಡಲೇಬಾರದು ಅನ್ನುವುದು ಇದಕ್ಕಿಂತ ಮುಖ್ಯ. ಏರ್‌ಬ್ಯಾಗ್ ಇರುವ ಜಾಗ. ಸ್ಟೀರಿಂಗ್ ನಡುಭಾಗ, ಪಕ್ಕದ ಸೀಟಿನ ಮುಂದಿನ ಡ್ಯಾಶ್‌ಬೋರ್ಡ್ ಎಲ್ಲರಿಗೂ ಗೊತ್ತು. ಗಾಜಿನ ಪಕ್ಕದ ಕಂಬಗಳ ಮೇಲಿನ ಪ್ಲಾಸ್ಟಿಕ್, ಛಾವಣಿಯ ಅಂಚು, ಸೀಟಿನ ಬದಿ, ಕೆಲವು ಕಾರಿನಲ್ಲಿ ಬಾಗಿಲಿನ ಒಳಗೂ ಇರುತ್ತದೆ. ಎಸ್‌ಆರ್‌ಎಸ್ ಅಥವಾ ಏರ್‌ಬ್ಯಾಗ್ ಅಂತ ಅಲ್ಲೇ ಅಚ್ಚು ಹಾಕಿರುತ್ತಾರೆ, ಹುಡುಕಿ ನೋಡಿ. ಈ ಮುಚ್ಚಳಗಳು ಒಂದು ನಿರ್ದಿಷ್ಟ ಗೆರೆಯಲ್ಲೇ ಹರಿದು ತೆರೆದುಕೊಳ್ಳುವ ಹಾಗೆ ಅಥವಾ ಕಂಬದ ಪ್ಲಾಸ್ಟಿಕ್ ಸರಿದು ದಾರಿ ಕೊಡುವ ಹಾಗೆ ಮಾಡಿರುತ್ತವೆ. ಅಲ್ಲಿ ಬಿಸಿ, ಫಿಲ್ಲರ್, ಅಂಟು, ದಪ್ಪ ಪೇಂಟ್ ಯಾವುದೂ ಬೇಡ. ಗೀರು ಇದ್ದರೆ ಇರಲಿ. ನಿಮ್ಮ ಹಿಂದಿನ ಬಾಗಿಲಲ್ಲೂ ಈ ಗುರುತು ಇದೆಯಾ ಅಂತ ಮೊದಲು ನೋಡಿಕೊಳ್ಳಿ.

ಡ್ಯಾಶ್‌ಬೋರ್ಡ್ ಒತ್ತಿದರೆ ಮೆತ್ತಗಿದೆಯಾ? ಅದು ಫೋಮ್ ಮೇಲೆ ಹೊದಿಸಿದ ತೆಳು ಪದರ. ಬಿಸಿಗೆ ಸುಕ್ಕು ಬೀಳುತ್ತದೆ, ಬೇಡ. ಮುಟ್ಟಿದರೆ ರಬ್ಬರಿನ ಹಾಗೆ ಅನ್ನಿಸುವ ಸಾಫ್ಟ್ ಟಚ್ ಪೇಂಟ್ ಹಾಕಿದ ಸ್ವಿಚ್, ಹಿಡಿಕೆಗಳೂ ಅಷ್ಟೇ. ಅಲ್ಲಿ ಗೀರಿದರೆ ನಿಜವಾಗಿಯೂ ಬಣ್ಣದ ಪದರವೇ ಹೋಗಿರುತ್ತದೆ.

ಬಿಸಿ ಆದ ಮೇಲೆ, ಅಥವಾ ಬಿಸಿ ಬೇಡವೇ ಬೇಡ ಅಂದರೆ, ಡ್ರೆಸ್ಸಿಂಗ್. ನೀರು ಆಧಾರಿತ, ಮ್ಯಾಟ್ ಫಿನಿಶ್ ಅಂತ ಬರೆದಿರುವುದನ್ನು ತಗೊಳ್ಳಿ. ಫೋಮ್ ತುಂಡಿಗೆ ಸ್ವಲ್ಪ ಹಾಕಿ, ಇಡೀ ಪ್ಯಾಡ್‌ಗೆ ಒಂದೇ ಸಮ ಹಚ್ಚಿ, ಐದು ನಿಮಿಷ ಬಿಟ್ಟು ಒಣ ಬಟ್ಟೆಯಿಂದ ಒರೆಸಿ. ಗೀರಿಗೆ ಮಾತ್ರ ಹಚ್ಚಿದರೆ ಅಲ್ಲೊಂದು ಪಟ್ಟೆ ಕಾಣುತ್ತದೆ. ಇದು ಕಾಯಂ ಅಲ್ಲ, ಕೆಲವು ವಾರಕ್ಕೆ ಮಾಸುತ್ತದೆ, ಮತ್ತೆ ಹಚ್ಚಬೇಕು. ಎಣ್ಣೆ ಹಚ್ಚಿದರೂ ಗೀರು ಕಾಣುವುದಿಲ್ಲ, ನಿಜ. ಆದರೆ ಎಣ್ಣೆ ಧೂಳು ಹಿಡಿಯುತ್ತದೆ, ಬಿಸಿಲಿಗೆ ಅಂಟಂಟಾಗುತ್ತದೆ. ಶೂ ಪಾಲಿಶ್ ಹಚ್ಚಿದವರ ಬಿಳಿ ಅಂಗಿಯನ್ನೂ ನೋಡಿದ್ದೇನೆ. ಸ್ಟೀರಿಂಗ್, ಪೆಡಲ್‌ಗಳಿಗೆ ಡ್ರೆಸ್ಸಿಂಗ್ ಬೇಡ, ಜಾರುತ್ತದೆ. ಡ್ಯಾಶ್‌ಬೋರ್ಡ್ ಮೇಲೆ ಹೊಳೆಯುವಂಥದ್ದು ಹಾಕಿದರೆ ಮುಂದಿನ ಗಾಜಿನಲ್ಲಿ ಅದರ ಪ್ರತಿಬಿಂಬ ಬಿದ್ದು ರಸ್ತೆ ಕಾಣುವುದಕ್ಕೇ ತೊಂದರೆ.

ಕಪ್ಪು ಸ್ಪ್ರೇ ಪೇಂಟ್ ಹೊಡೆದುಬಿಡೋಣ ಅಂತ ಯೋಚನೆ ಬಂದರೆ ಒಂದು ಮಾತು. ಪಾಲಿಪ್ರೊಪಿಲೀನ್‌ಗೆ ಪೇಂಟ್ ಸುಲಭವಾಗಿ ಹಿಡಿಯುವುದಿಲ್ಲ. ಅದಕ್ಕೆ ಅಡ್ಹೀಶನ್ ಪ್ರೊಮೋಟರ್ ಅಂತ ಬೇರೆ ಪ್ರೈಮರ್ ಬೇಕು. ಅದಿಲ್ಲದೆ ಹೊಡೆದರೆ ಕೆಲವೇ ದಿನದಲ್ಲಿ ಸಿಪ್ಪೆಯಂತೆ ಏಳುತ್ತದೆ. ಹಳೇ ಸಿಲಿಕೋನ್ ಡ್ರೆಸ್ಸಿಂಗ್ ಉಳಿದಿದ್ದರಂತೂ ಪೇಂಟ್ ನಿಲ್ಲುವುದೇ ಇಲ್ಲ.

ಗೇರ್ ಸುತ್ತಲಿನ ಹೊಳೆಯುವ ಕಪ್ಪು ಬೇರೆಯೇ ಪ್ರಾಣಿ. ಪಿಯಾನೋ ಬ್ಲ್ಯಾಕ್ ಅನ್ನುತ್ತಾರೆ. ಇದರಲ್ಲಿ ತರಿ ಇಲ್ಲ, ಕನ್ನಡಿಯ ಹಾಗೆ ನುಣುಪು. ಇಲ್ಲಿ ಬಿಸಿ ಬೇಡವೇ ಬೇಡ, ಪಾಲಿಶ್ ಬೇಕು. ಡೋರ್ ಪ್ಯಾಡ್‌ಗೆ ಹೇಳಿದ್ದಕ್ಕೆ ಪೂರ್ತಿ ಉಲ್ಟಾ. ನನ್ನನ್ನು ಕೇಳಿದರೆ, ದಿನಕ್ಕೆ ನೂರು ಸಲ ಕೈ ತಾಗುವ ಜಾಗಕ್ಕೆ ಇದನ್ನು ಹಾಕುವ ಯೋಚನೆಯೇ ತಪ್ಪು. ಆದರೆ ಶೋರೂಂನಲ್ಲಿ ಚೆನ್ನಾಗಿ ಕಾಣುತ್ತದಲ್ಲ!

ಅದರ ಮೇಲಿನ ಕೂದಲು ಗೆರೆಗಳು ಬಂದಿರುವುದು ಬಹುಪಾಲು ಒಣ ಬಟ್ಟೆಯಿಂದ ಧೂಳು ಒರೆಸಿದ್ದಕ್ಕೆ. ಧೂಳಲ್ಲಿ ಮರಳಿನ ಕಣ ಇರುತ್ತದೆ, ಬಟ್ಟೆ ಅದನ್ನು ಎಳೆದಾಡುತ್ತದೆ. ಮೊದಲು ಊದಿ ಅಥವಾ ಮೆತ್ತನೆ ಬ್ರಷ್‌ನಿಂದ ಧೂಳು ತೆಗೆದು, ಒದ್ದೆ ಮೈಕ್ರೋಫೈಬರ್‌ನಿಂದ ಒರೆಸಿ. ಸ್ವಿಚ್‌ಗಳ ಸಂದಿ, ಅಂಚುಗಳಿಗೆಲ್ಲ ಮಾಸ್ಕಿಂಗ್ ಟೇಪ್ ಅಂಟಿಸಿ. ಇದನ್ನು ಬಿಟ್ಟರೆ ಸಂದಿಗಳಲ್ಲಿ ಪಾಲಿಶ್ ಒಣಗಿ ಬೆಳ್ಳಗೆ ಕೂರುತ್ತದೆ, ಟೂತ್‌ಪಿಕ್ ಹಿಡಿದು ಒಂದು ಸಂಜೆ ಕಳೆಯಬೇಕಾಗುತ್ತದೆ. ಪ್ಲಾಸ್ಟಿಕ್ ಪಾಲಿಶ್ ಅಥವಾ ಕಾರಿನ ಪೇಂಟ್‌ಗೆ ಕೊನೆಯಲ್ಲಿ ಹಾಕುವ ಫೈನ್ ಪಾಲಿಶ್, ಕಡಲೆಕಾಳಿನಷ್ಟು ಸಾಕು. ಮೆತ್ತನೆ ಫೋಮ್ ತುಂಡಿಗೆ ಹಾಕಿ, ಅಂಗೈ ಅಗಲದ ಜಾಗವನ್ನು ಒಂದು ನಿಮಿಷ, ಹಗುರವಾಗಿ, ಕೈಯಲ್ಲೇ. ಒರೆಸಿ, ಟಾರ್ಚ್ ಹಾಕಿ ನೋಡಿ, ಬೇಕಾದರೆ ಇನ್ನೊಂದು ಸಲ. ಕಾಂಪೌಂಡ್ ಅಂತ ಸಿಗುವ ಒರಟು ಪಾಲಿಶ್ ತರಬೇಡಿ. ಅದು ಹಳೇ ಗೆರೆ ತೆಗೆದು ತನ್ನದೇ ಹೊಸ ಗೆರೆ ಬಿಡುತ್ತದೆ. ಕೂದಲು ಗೆರೆಗಳೆಲ್ಲ ಹೋಗುತ್ತವೆ. ಕೀಲಿ ತಾಗಿ ಆದ ಒಂದೆರಡು ಆಳದ್ದು ಉಳಿಯುತ್ತವೆ. ಕೆಲಸ ಮುಗಿದ ಮೇಲೆ ಆ ಭಾಗದ ಅಳತೆಗೆ ಕತ್ತರಿಸಿದ ಪಾರದರ್ಶಕ ಫಿಲ್ಮ್ ಅಂಟಿಸಿಬಿಡಿ. ಇಲ್ಲದಿದ್ದರೆ ಕೆಲವು ತಿಂಗಳಿಗೆ ಮತ್ತೆ ಅದೇ ಸ್ಥಿತಿ.

ಇದೇ ಪಾಲಿಶ್ ಕೈಯಲ್ಲಿದೆ ಅಂತ ಟಚ್‌ಸ್ಕ್ರೀನ್‌ಗೂ ಹಚ್ಚಬೇಡಿ. ಅದರ ಮೇಲೆ ಬೆಳಕು ಹೊಡೆಯದ ಹಾಗೆ ತೆಳುವಾದ ಲೇಪ ಇರುತ್ತದೆ, ಅದು ಸವೆದು ತೇಪೆ ತೇಪೆಯಾಗುತ್ತದೆ. ಸ್ಪೀಡೋಮೀಟರ್ ಮುಂದಿನ ಪಾರದರ್ಶಕ ಪ್ಲಾಸ್ಟಿಕ್‌ಗೆ ಪ್ಲಾಸ್ಟಿಕ್ ಪಾಲಿಶ್ ಸರಿ. ಆದರೆ ಆಲ್ಕೋಹಾಲ್, ಗಾಜು ಒರೆಸುವ ಅಮೋನಿಯಾ ಇರುವ ದ್ರವ ಬೇಡ. ಅದು ಅಕ್ರಿಲಿಕ್ ಆಗಿದ್ದರೆ ಜೇಡರ ಬಲೆಯಂಥ ಸಣ್ಣ ಬಿರುಕು ಬಿಡುತ್ತದೆ.

ಉಗುರು ಸಿಕ್ಕಿಕೊಳ್ಳುವ ಆಳದ ಗೀರಿಗೆ ಫಿಲ್ಲರ್ ತುಂಬಿ, ತರಿಯ ಅಚ್ಚು ಒತ್ತಿ, ಬಣ್ಣ ಹೊಂದಿಸಿ ಸರಿಮಾಡುವ ಕೆಲಸಗಾರರು ಇದ್ದಾರೆ. ಹತ್ತಿರದ ಚೆನ್ನಾಗಿರುವ ಜಾಗದಿಂದ ಸಿಲಿಕೋನ್‌ನಲ್ಲಿ ತರಿಯ ಅಚ್ಚು ತೆಗೆದು, ಅದನ್ನೇ ಇಲ್ಲಿ ಒತ್ತುತ್ತಾರೆ. ಮನೆಯಲ್ಲಿ ಮಾಡುವ ಕಿಟ್‌ಗಳೂ ಸಿಗುತ್ತವೆ. ನನ್ನ ಅನುಭವದಲ್ಲಿ ಮೊದಲ ಸಲಕ್ಕೆ ಅದು ಗೀರಿಗಿಂತ ಜಾಸ್ತಿ ಎದ್ದು ಕಾಣುತ್ತದೆ. ಆ ಭಾಗ ಚಿಕ್ಕದಾಗಿ ಬಿಡಿಯಾಗಿ ಸಿಗುವಂಥದ್ದಾದರೆ, ಬದಲಿಸುವ ಖರ್ಚು ಎಷ್ಟು ಅಂತ ಮೊದಲು ಕೇಳಿಕೊಳ್ಳಿ. ಎಷ್ಟೋ ಸಲ ರಿಪೇರಿಗಿಂತ ಅದೇ ಕಡಿಮೆ.

ನಿಮ್ಮ ಕಾರಿನ ಮಟ್ಟಿಗೆ ಹೇಳುವುದಾದರೆ, ಈ ಭಾನುವಾರ ಬಾಗಿಲು ತೊಳೆಯುವುದು, ಟೂತ್‌ಪೇಸ್ಟ್ ತೆಗೆಯುವುದು, ಗೇರ್ ಸುತ್ತ ಪಾಲಿಶ್ ಮಾಡುವುದು ಮಾತ್ರ ಮಾಡಿ. ಒಂದು ವಾರ ಹಾಗೇ ಓಡಿಸಿ. ಆಮೇಲೂ ಬಾಗಿಲಿನ ಗೀರು ಕಣ್ಣಿಗೆ ಚುಚ್ಚಿದರೆ ಹೇರ್ ಡ್ರೈಯರ್ ಹಿಡಿಯಿರಿ. ಡಿಕ್ಕಿಯ ಗೀರನ್ನು ನಾನಾಗಿದ್ದರೆ ಮುಟ್ಟುತ್ತಲೇ ಇರಲಿಲ್ಲ. ಅಲ್ಲಿ ಮುಂದಿನ ಲಗೇಜ್ ಹಾಕುವಾಗ ಇನ್ನೆರಡು ಬಿದ್ದೇ ಬೀಳುತ್ತವೆ.